ಬೀಜದ ನೋವಿಗೆ ಯಾವ ಸ್ಕ್ಯಾನ್?

ವೃಷಣದಲ್ಲಿ ನೋವು, ಬಾವು ಅಂತ ಬರುವವರಲ್ಲಿ ಕೆಲವರು ‘ಸುಮ್ನೆ ಎಂಆರ್‌ಐ ಮಾಡಿಬಿಡಿ ಡಾಕ್ಟ್ರೇ’ ಅನ್ನುತ್ತಾರೆ. ದುಡ್ಡು ಜಾಸ್ತಿ ಆದರೆ ಸ್ಕ್ಯಾನೂ ಒಳ್ಳೆಯದು ಅನ್ನೋ ನಂಬಿಕೆ. ರೇಡಿಯಾಲಜಿಸ್ಟ್ ಆದ ನಾನು ಮೊದಲು ಹಿಡಿಯುವುದು ಅಲ್ಟ್ರಾಸೌಂಡ್ ಪ್ರೋಬನ್ನೇ. ಬೀಜ ಚರ್ಮದ ಕೆಳಗೇ ಇದೆ, ಅಲ್ವಾ? 10 ಮೆಗಾಹರ್ಟ್ಸ್‌ಗೂ ಮೇಲಿನ ಪ್ರೋಬ್‌ನಲ್ಲಿ ಸಣ್ಣ ಗಂಟೂ ಕಾಣುತ್ತದೆ. ವಿಕಿರಣವೂ ಇಲ್ಲ.

ನೋವಿಲ್ಲದ ಕಡೆಯಿಂದಲೇ ಶುರು ಮಾಡುತ್ತೇನೆ. ಅಲ್ಲಿ ರಕ್ತ ಹರಿಯುವುದು ಚೆನ್ನಾಗಿ ಕಾಣುವಂತೆ ಡಾಪ್ಲರ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಹೊಂದಿಸಿ, ಅದೇ ಸೆಟ್ಟಿಂಗ್‌ನಲ್ಲಿ ನೋವಿರುವ ಕಡೆ ನೋಡುತ್ತೇನೆ. ಹರಿವು ಜಾಸ್ತಿ ಇದ್ದರೆ ಹೆಚ್ಚಾಗಿ ಸೋಂಕು. ಇಲ್ಲವೇ ಇಲ್ಲ ಅಂದರೆ ಬೀಜ ತಿರುಚಿಕೊಂಡಿರಬಹುದು. ಆಗ ವರದಿ ಟೈಪ್ ಆಗುವ ತನಕ ಕಾಯದೆ ಸರ್ಜನ್‌ಗೆ ಫೋನ್ ಮಾಡುತ್ತೇನೆ. ನೋವು ಶುರುವಾಗಿ ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಬೀಜ ಉಳಿಯುವ ಸಾಧ್ಯತೆ ತುಂಬಾ ಹೆಚ್ಚು. ಹುಡುಗರು ನಾಚಿಕೆಗೆ ‘ಹೊಟ್ಟೆನೋವು’ ಅಂದು ಆ ಹೊತ್ತನ್ನು ಕಳೆದುಬಿಡುತ್ತಾರೆ.

ಡಾಪ್ಲರ್ ಮೋಸ ಮಾಡುವುದೂ ಇದೆ. ಅರ್ಧ ತಿರುಚಿದ್ದರೆ ರಕ್ತ ಇನ್ನೂ ಹರಿಯುತ್ತಿರುತ್ತದೆ. ಹಾಗಾಗಿ ಬೀಜ ತೂಗುವ ನಾಳವನ್ನು ತೊಡೆಸಂದಿನಿಂದ ಕೆಳಗಿನವರೆಗೂ ನೋಡುತ್ತೇನೆ. ಎಲ್ಲಾದರೂ ಸುಳಿ ಸುತ್ತಿದ್ದರೆ ಅದೇ ಸಾಕ್ಷಿ. ಹಿಂದೆ ಇದಕ್ಕೆ ಟೆಕ್ನೀಷಿಯಂ ಅನ್ನೋ ವಿಕಿರಣ ಸೂಸುವ ವಸ್ತುವನ್ನು ಚುಚ್ಚಿ ನ್ಯೂಕ್ಲಿಯರ್ ಸ್ಕ್ಯಾನ್ ಮಾಡುತ್ತಿದ್ದರು. ಈಗ ಅಪರೂಪ. ಎಂಆರ್‌ಐ ಕೂಡ ತಿರುಚಿದ್ದನ್ನು ತೋರಿಸಬಲ್ಲದು, ಆದರೆ ಅದಕ್ಕೆ ತಗಲುವ ಹೊತ್ತು ರೋಗಿಯ ಕೈಯಲ್ಲಿ ಇರುವುದಿಲ್ಲ. ಡಾಪ್ಲರ್‌ನಲ್ಲಿ ಗೊತ್ತಾಗದೆ, ಕೈಯಿಂದ ನೋಡಿದ ಸರ್ಜನ್‌ಗೆ ಅನುಮಾನ ಬಲವಾಗಿದ್ದರೆ ನೇರ ಆಪರೇಷನ್ನೇ ಸರಿ.

ಎಂಆರ್‌ಐ ಬರೆಯುವುದು ಗಂಟು ಬೀಜದ ಒಳಗೋ ಹೊರಗೋ ಅಂತ ಪ್ರೋಬ್‌ನಲ್ಲಿ ತಿಳಿಯದಾಗ. ಒಳಗಿನ ಗಟ್ಟಿ ಗಂಟನ್ನು ಬೇರೆ ಅಂತ ಗೊತ್ತಾಗುವ ತನಕ ಕ್ಯಾನ್ಸರ್ ಅಂತಲೇ ನೋಡುತ್ತೇವೆ. ಹೊರಗಿನವು ಬಹುಪಾಲು ನಿರಪಾಯ. ಕ್ಯಾನ್ಸರ್ ಆದರೆ ಹೊಟ್ಟೆಗೆ ಸಿಟಿ ಬೇಕು. ಬೀಜ ಮೊದಲು ಹುಟ್ಟುವುದು ಹೊಟ್ಟೆಯೊಳಗೆ, ಕಿಡ್ನಿ ಹತ್ತಿರ. ಹಾಗಾಗಿ ಅದರ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವುದು ಅಲ್ಲಿನ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್), ತೊಡೆಸಂದಿಗಲ್ಲ.

ವೆರಿಕೊಸಿಲ್ ಅಂದರೆ ಬೀಜದ ಮೇಲಿನ ರಕ್ತನಾಳಗಳು ಉಬ್ಬಿಕೊಳ್ಳುವುದು. ಅದಕ್ಕೆ ರೋಗಿಯನ್ನು ನಿಲ್ಲಿಸಿ, ಮುಕ್ಕಲು ಹೇಳಿ, ರಕ್ತ ಹಿಂದಕ್ಕೆ ಬರುತ್ತದಾ ನೋಡುತ್ತೇನೆ. ಎಡಗಡೆ ಇದು ಸಾಮಾನ್ಯ. ಬಲಗಡೆ ಮಾತ್ರ ಹೊಸದಾಗಿ ಕಂಡರೆ ಪ್ರೋಬನ್ನು ಹಾಗೇ ಹೊಟ್ಟೆ ಮೇಲಿಟ್ಟು, ಒಳಗೆ ಗಡ್ಡೆ ಏನಾದರೂ ರಕ್ತನಾಳವನ್ನು ಒತ್ತುತ್ತಿದೆಯಾ ಅಂತ ಹುಡುಕುತ್ತೇನೆ.