ಒಳ್ಳೆಯ ಸ್ಪೀಕರ್‌ಗೆ ಯಾವ ಆಂಪ್ಲಿಫೈಯರ್? ವಾಟ್‌ಗಿಂತ ಮೊದಲು ಓಮ್ ನೋಡಿ

ಸ್ಪೀಕರ್‌ಗೆ ಲಕ್ಷಗಟ್ಟಲೆ ಸುರಿದು, ಉಳಿದ ದುಡ್ಡಿನಲ್ಲಿ ಆಂಪ್ಲಿಫೈಯರ್ ತರುವವರು ಬಹಳ ಜನ. ಡಬ್ಬದ ಮೇಲೆ ‘100 ವಾಟ್’ ಅಂತ ಇದ್ದರೆ ಸಾಕು, ತಗೊಂಡುಬಿಡುತ್ತಾರೆ. ಆಮೇಲೆ ದೂರು ಶುರು: ಬಾಸ್ ಬಿಗಿಯಾಗಿಲ್ಲ, ವಾಲ್ಯೂಮ್ ಏರಿಸಿದರೆ ಕಿವಿಗೆ ಚುಚ್ಚುತ್ತದೆ. ಬೈಗುಳವೆಲ್ಲ ಸ್ಪೀಕರ್‌ಗೆ. ಆದರೆ ತಪ್ಪು ಆಗಿರುವುದು ಬಹುತೇಕ ಆಂಪ್ ಆರಿಸುವಾಗಲೇ.

ಹಂತ 1: ಸ್ಪೀಕರ್‌ನ ಕೈಪಿಡಿ ತೆಗೆಯಿರಿ

ಮೂರು ಅಂಕಿ ಬರೆದುಕೊಳ್ಳಿ: ಸೆನ್ಸಿಟಿವಿಟಿ (ಇಷ್ಟು ಕರೆಂಟಿಗೆ ಎಷ್ಟು ಸದ್ದು ಅನ್ನುವ ಅಳತೆ, ಡೆಸಿಬೆಲ್‌ನಲ್ಲಿ), ನಾಮಿನಲ್ ಇಂಪಿಡೆನ್ಸ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಓಮ್‌ನಲ್ಲಿ), ಕನಿಷ್ಠ ಇಂಪಿಡೆನ್ಸ್ (ಆ ತಡೆ ಇಳಿಯುವ ಅತಿ ಕೆಳಗಿನ ಮಟ್ಟ). ಬ್ರಿಟನ್ನಿನ ಕೆಇಎಫ್ ಕಂಪನಿಯ ಎಲ್‌ಎಸ್50 ಮೆಟಾ ಸ್ಪೀಕರನ್ನೇ ತಗೊಳ್ಳಿ. 85 ಡೆಸಿಬೆಲ್, 8 ಓಮ್, ಕನಿಷ್ಠ 3.5 ಓಮ್. ಮೂರನೇ ಅಂಕಿಯನ್ನು ಕೆಲವು ಕಂಪನಿಗಳು ಹಾಕುವುದೇ ಇಲ್ಲ. ಕೇಳಿ ತಿಳಿದುಕೊಳ್ಳಿ, ಬಿಡಬೇಡಿ.

ಹಂತ 2: ಎಷ್ಟು ವಾಟ್ ಬೇಕು?

85 ಡೆಸಿಬೆಲ್ ಅಂದರೆ 2.83 ವೋಲ್ಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಕೇಳುವ ಸದ್ದು. 8 ಓಮ್‌ಗೆ ಅದು ಒಂದು ವಾಟ್. ಮೂರು ಮೀಟರ್ ಆಚೆ ಸೋಫಾ ಇದ್ದರೆ, ಎರಡು ಸ್ಪೀಕರ್ ಮತ್ತು ಗೋಡೆಗಳ ನೆರವನ್ನೂ ಸೇರಿಸಿ, ಅಂದಾಜು 80 ಡೆಸಿಬೆಲ್ ಅಂತ ಇಟ್ಟುಕೊಳ್ಳಿ. ಪ್ರತಿ 3 ಡೆಸಿಬೆಲ್ ಏರಿಸಲು ವಾಟ್ ದುಪ್ಪಟ್ಟಾಗಬೇಕು, 10 ಏರಿಸಲು ಹತ್ತು ಪಟ್ಟು. ತನಿ ಆವರ್ತನದ ಕೊನೆಯ ಮುಕ್ತಾಯ, ಯಕ್ಷಗಾನದ ಚೆಂಡೆ, ಇಂಥ ಕ್ಷಣದ ಪೆಟ್ಟು 100 ಡೆಸಿಬೆಲ್ ಮುಟ್ಟಬೇಕೆಂದರೆ 100 ವಾಟ್ ಬೇಕಾಗುತ್ತದೆ. ಅದೇ 91 ಡೆಸಿಬೆಲ್ ಸ್ಪೀಕರ್ ಆಗಿದ್ದರೆ 25 ವಾಟ್ ಸಾಕು.

ಇಲ್ಲೇ ಒಂದು ಮಾತು. ‘ಪಿಎಂಪಿಒ’ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಅಂತ ಸಾವಿರಗಟ್ಟಲೆ ವಾಟ್ ಬರೆದ ಸ್ಟಿಕ್ಕರ್ ಕಂಡರೆ ಆ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬನ್ನಿ. ಆ ಅಂಕಿಗೆ ಅರ್ಥವೇ ಇಲ್ಲ.

ಹಂತ 3: ಓಮ್ ಲೆಕ್ಕ

ಜನ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ಸ್ಪೀಕರ್‌ನ ಇಂಪಿಡೆನ್ಸ್ ಒಂದೇ ಕಡೆ ನಿಲ್ಲುವುದಿಲ್ಲ. ಸ್ವರ ಬದಲಾದಂತೆ ಅದೂ ಏರಿಳಿಯುತ್ತದೆ. 8 ಓಮ್ ಅಂತ ಬರೆದಿರುವುದು ಬರೀ ಹೆಸರಿಗೆ. ಕಷ್ಟ ಇರುವುದು ಅದು ಕೆಳಗಿಳಿಯುವ ಜಾಗದಲ್ಲಿ.

ಲೆಕ್ಕ ಹಾಕಿ ನೋಡಿ. 8 ಓಮ್‌ಗೆ 100 ವಾಟ್ ಕೊಡಲು ಸುಮಾರು 28 ವೋಲ್ಟ್, ಮೂರೂವರೆ ಆಂಪಿಯರ್ ಕರೆಂಟ್ ಬೇಕು. ಅದೇ 28 ವೋಲ್ಟ್‌ಗೆ 3.5 ಓಮ್ ಎದುರಾದರೆ ಬೇಕಾದ ಕರೆಂಟ್ 8 ಆಂಪಿಯರ್! ಟ್ರಾನ್ಸ್‌ಫಾರ್ಮರ್, ಪವರ್ ಸಪ್ಲೈ ಗಟ್ಟಿ ಇಲ್ಲದ ಆಂಪ್ ಅಲ್ಲಿ ಕೈಚೆಲ್ಲುತ್ತದೆ. ಒಂದೋ ಪ್ರೊಟೆಕ್ಷನ್ ರಿಲೇ ಟಕ್ ಅಂತ ಬಿದ್ದು ಹಾಡು ನಿಲ್ಲುತ್ತದೆ, ಇಲ್ಲವೇ ಅಲೆಯ ತಲೆ ಕತ್ತರಿಸಿದಂತಾಗಿ ಸದ್ದು ಒಡೆಯುತ್ತದೆ. ಹಾಗೆ ಒಡೆದ ಸದ್ದನ್ನೇ ಜೋರು ಮಾಡುತ್ತಾ ಹೋದರೆ ಮೊದಲು ಸುಡುವುದು ಟ್ವೀಟರ್, ಅಂದರೆ ಸ್ಪೀಕರ್ ಒಳಗೆ ತಾರಸ್ವರ ಹೊರಡಿಸುವ ಪುಟ್ಟ ಘಟಕ. ಆಂಪ್ ಶಕ್ತಿ ಕಡಿಮೆ ಇದ್ದರೆ ಸ್ಪೀಕರ್‌ಗೆ ಅಪಾಯವಿಲ್ಲ ಅನ್ನುವ ನಂಬಿಕೆಯನ್ನು ದಯವಿಟ್ಟು ಬಿಡಿ.

ಹಾಗಾದರೆ ಆಂಪ್‌ನ ಕೈಪಿಡಿಯಲ್ಲಿ ಏನು ಹುಡುಕಬೇಕು? 8 ಓಮ್‌ಗೆ ಎಷ್ಟು, 4 ಓಮ್‌ಗೆ ಎಷ್ಟು, ಎರಡೂ ಇರಬೇಕು. 8ಕ್ಕೆ 100, 4ಕ್ಕೆ 200 ಇದ್ದರೆ ಬಹಳ ಒಳ್ಳೆಯದು. 160 ಇದ್ದರೂ ಚೆನ್ನಾಗಿದೆ. 4 ಓಮ್ ಅಂಕಿಯೇ ಇಲ್ಲದಿದ್ದರೆ, ಇಂಪಿಡೆನ್ಸ್ 4ಕ್ಕಿಂತ ಕೆಳಗಿಳಿಯುವ ಸ್ಪೀಕರ್‌ಗೆ ಅದು ಬೇಡ. ಅಳತೆ ಎರಡೂ ಚಾನೆಲ್ ಒಟ್ಟಿಗೆ, 20ರಿಂದ 20,000 ಹರ್ಟ್ಜ್‌ವರೆಗೆ ಆಗಿರಬೇಕು. ‘6 ಓಮ್, 1 ಕಿಲೋಹರ್ಟ್ಜ್, ಒಂದು ಚಾನೆಲ್, 10% ಡಿಸ್ಟಾರ್ಷನ್’ ಅಂತ ಸಣ್ಣಕ್ಷರದಲ್ಲಿದ್ದರೆ ಮೇಲಿನ ದಪ್ಪ ಅಂಕಿಯನ್ನು ನಂಬಬೇಡಿ. ಸಿನಿಮಾ ನೋಡಲು ಹಲವು ಸ್ಪೀಕರ್ ನಡೆಸುವ ಹೋಮ್ ಥಿಯೇಟರ್ ರಿಸೀವರ್‌ಗಳಲ್ಲಿ ಇದು ಜಾಸ್ತಿ.

ರಿಸೀವರ್‌ನಲ್ಲಿ 4 ಓಮ್‌ಗೆ ಬದಲಿಸುವ ಸೆಟ್ಟಿಂಗ್ ಇದೆಯಲ್ವಾ ಅಂತ ಕೇಳಬಹುದು. ಬಹಳಷ್ಟು ರಿಸೀವರ್‌ಗಳಲ್ಲಿ ಅದು ಒಳಗಿನ ವೋಲ್ಟೇಜ್ ತಗ್ಗಿಸಿ, ಬಿಸಿ ಏರದಂತೆ ತಡೆಯುತ್ತದೆ ಅಷ್ಟೇ. ಶಕ್ತಿ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮ. 4 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟರೆ ಅದು ಎರಡು ವಾಟ್ ಎಳೆಯುತ್ತದೆ. ಆದ್ದರಿಂದ ಅದರ ‘88 ಡೆಸಿಬೆಲ್’ ಒಂದು ವಾಟ್ ಲೆಕ್ಕದಲ್ಲಿ 85 ಮಾತ್ರ.

ಹಂತ 4: ಯಾವ ಜಾತಿ?

ಕ್ಲಾಸ್ ಎಬಿ (ಟ್ರಾನ್ಸಿಸ್ಟರ್ ಆಂಪ್‌ಗಳ ಹಳೆಯ, ಸಾಮಾನ್ಯ ವಿಧಾನ) ಇಂಟಿಗ್ರೇಟೆಡ್ ಆಂಪ್ ತಗೊಳ್ಳಿ, ಅಂದರೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು. ಬೇರೆ ಬೇರೆ ಪೆಟ್ಟಿಗೆ ಜೋಡಿಸುವ ತಲೆನೋವಿಲ್ಲ, ಮುಂದೆ ರಿಪೇರಿಯೂ ಸುಲಭ. ಜಾಗ ಕಡಿಮೆ ಇದ್ದರೆ ಹೈಪೆಕ್ಸ್, ಪ್ಯೂರಿಫೈ ಕಂಪನಿಗಳ ಮಾಡ್ಯೂಲ್ ಇರುವ ಕ್ಲಾಸ್ ಡಿ (ಕಡಿಮೆ ಬಿಸಿಯಾಗುವ, ಪುಟ್ಟ ಸ್ವಿಚಿಂಗ್ ಆಂಪ್) ಕೂಡ ಚೆನ್ನಾಗಿದೆ. ಹಳೆಯ ಕಾಲದ ಗಾಜಿನ ವಾಲ್ವ್ ಇರುವ ಆಂಪ್‌ನ ಮೋಹ ನನಗೂ ಅರ್ಥವಾಗುತ್ತದೆ. ಆದರೆ ಚಾನೆಲ್‌ಗೆ ಒಂದೇ 300ಬಿ (ಒಂದು ಹೆಸರಾಂತ ಮಾದರಿ) ವಾಲ್ವ್ ಇರುವ ಆಂಪ್ ಕೊಡುವುದು ಚಾನೆಲ್‌ಗೆ ಸುಮಾರು 8 ವಾಟ್. ಕ್ಲಿಪ್ಶ್ ಹಾರ್ನ್‌ನಂಥ 100 ಡೆಸಿಬೆಲ್ ಆಸುಪಾಸಿನ ಸ್ಪೀಕರ್‌ಗೆ ಅದು ಧಾರಾಳ, ಎಲ್‌ಎಸ್50ಗೆ ಸಾಲದು.

ಅಮೆರಿಕದಿಂದ ನೆಂಟರ ಕೈಲಿ ತರಿಸುವವರು ಹಿಂಭಾಗದ ವೋಲ್ಟೇಜ್ ಓದಿ. ಅಲ್ಲಿಯದು 120, ನಮ್ಮದು 230. ಸುಮ್ನೆ ಪ್ಲಗ್ ಹಾಕಿದರೆ ಸುಟ್ಟೇ ಹೋಗುತ್ತದೆ.

ಹಂತ 5: ನಿಮ್ಮ ಸ್ಪೀಕರ್‌ನಲ್ಲೇ ಕೇಳಿ

ಅಂಗಡಿಯವರ ಸ್ಪೀಕರ್‌ನಲ್ಲಿ ಕೇಳಿ ಪ್ರಯೋಜನವಿಲ್ಲ. ಒಂದು ದಿನದ ಮಟ್ಟಿಗೆ ಆಂಪ್ ಮನೆಗೆ ಕೊಡಿ ಅಂತ ಕೇಳಿ. ಎರಡನ್ನು ಹೋಲಿಸುವಾಗ ಸದ್ದು ಸಮ ಇರಲಿ. ಒಂದು ಚೂರು ಜೋರಾಗಿದ್ದದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಮೊಬೈಲ್‌ನ ಸದ್ದಳೆಯುವ ಆ್ಯಪ್ ಈ ಕೆಲಸಕ್ಕೆ ಸಾಕು. ಮೃದಂಗದ ಎಡಗಡೆಯ ಗುಮ್ಕಿಯನ್ನು ಗಮನಿಸಿ ಕೇಳಿ. ನಾದ ಜಾರುತ್ತಾ ಏರುವುದು ಸ್ಪಷ್ಟವಾಗಿ ಕೇಳಬೇಕು. ಬರೀ ‘ಧಂ’ ಅಂತ ಊದಿಕೊಂಡರೆ ಆ ಆಂಪ್ ವಾಪಸ್ ಕಳಿಸಿ.

ಹಂತ 6: ಜೋಡಣೆ

2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು, ಕೇಬಲ್‌ಗೆ ಸಾವಿರಾರು ರೂಪಾಯಿ ಕೊಡಬೇಡಿ. ಆಂಪನ್ನು ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಮುಚ್ಚಿಡಬೇಡಿ, ಮೇಲೆ ಗಾಳಿ ಆಡಲಿ. ಸ್ವಿಚ್ ಆಫ್ ಮಾಡಿಯೇ ವೈರ್ ಸಿಕ್ಕಿಸಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ಅದಲುಬದಲಾದರೂ ಬಾಸ್ ತೆಳ್ಳಗಾಗುತ್ತದೆ, ಹಾಡುವವರ ದನಿ ನಡುವೆ ನಿಲ್ಲುವುದಿಲ್ಲ.