ಎಂಟು ಸೋಲಿನ ನಂತರವೂ ನಾವು ಮ್ಯಾನೇಜರನ್ನು ಬಿಡಲಿಲ್ಲ: ನನ್ನ ಅನುಭವ

ಸೋಲುತ್ತಿರುವ ತಂಡದ ಮ್ಯಾನೇಜರನ್ನು ಬದಲಿಸಬೇಕೇ ಬೇಡವೇ ಎಂಬ ಪ್ರಶ್ನೆ, ನಾನು ಕಾರ್ಯದರ್ಶಿಯಾಗಿರುವ ನಮ್ಮ ಫುಟ್‌ಬಾಲ್ ಸಂಘದ ಸಮಿತಿಯ ಮುಂದೆ ಹನ್ನೊಂದು ವರ್ಷಗಳಲ್ಲಿ ಮೂರು ಸಲ ಬಂದಿದೆ. ಎರಡು ಸಲ ಬದಲಿಸಿದೆವು, ಮೂರನೆಯ ಸಲ ಬದಲಿಸಲಿಲ್ಲ. ಬದಲಿಸದ ಆ ವರ್ಷವೇ ನಮ್ಮ ತಂಡ ಏಪ್ರಿಲ್ ಮತ್ತು ಮೇ ತಿಂಗಳ ಪಂದ್ಯಾವಳಿಗಳಲ್ಲಿ ಎರಡು ಫೈನಲ್ ತಲುಪಿತು, ಅದರಲ್ಲಿ ಒಂದನ್ನು ಗೆದ್ದಿತು. ಫೆಬ್ರವರಿಯಲ್ಲಿ ನನ್ನನ್ನು ಹಟಮಾರಿ ಎಂದವರೇ ಈಗ ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ ಕಡೆಯ ಬೇರೆ ಸಂಘದವರನ್ನು ನನ್ನ ಬಳಿಗೆ ಕಳುಹಿಸಿ, ಏನು ಮಾಡಿದಿರಿ ಎಂದು ಕೇಳಿಸುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ.

ಕೊಡಗಿನಲ್ಲಿ ಮ್ಯಾನೇಜರ್ ಎಂದರೆ ತೋಟದ ಮ್ಯಾನೇಜರ್ ಎಂದುಕೊಳ್ಳುವವರೇ ಹೆಚ್ಚು. ನಾನು ಹೇಳುತ್ತಿರುವುದು ತಂಡವನ್ನು ಆರಿಸುವ, ಅಭ್ಯಾಸ ಮಾಡಿಸುವ, ಜೀಪು ಗೊತ್ತು ಮಾಡುವ, ಹಣ ಕೊಟ್ಟು ಹೊರಗಿನಿಂದ ಕರೆಸುವ ಅತಿಥಿ ಆಟಗಾರರಿಗೆ ಫೋನ್ ಮಾಡುವ, ಕೊನೆಗೆ ಸೋಲಿನ ಬೈಗುಳವನ್ನೂ ಕೇಳುವ ಆ ಒಬ್ಬ ವ್ಯಕ್ತಿಯ ಬಗ್ಗೆ. ನಮ್ಮಂಥ ಸಣ್ಣ ಸಂಘಗಳಲ್ಲಿ ಕೋಚ್ ಮತ್ತು ಮ್ಯಾನೇಜರ್ ಬೇರೆ ಬೇರೆ ಇರುವುದಿಲ್ಲ.

ಮೊದಲು ಹಣದ ಮಾತು ಹೇಳುತ್ತೇನೆ, ಏಕೆಂದರೆ ಬದಲಾವಣೆಯ ಚರ್ಚೆಯಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. ಎರಡನೆಯ ಸಲ ನಾವು ಮ್ಯಾನೇಜರನ್ನು ಬದಲಿಸಿದ್ದು ಒಂದು ಜನವರಿಯಲ್ಲಿ, ಸತತ ನಾಲ್ಕು ಸೋಲಿನ ನಂತರ, ಸೋತ ದಿನದ ರಾತ್ರಿಯೇ ಸೇರಿದ ಸಭೆಯಲ್ಲಿ. ಹೋದವರಿಗೆ ಎರಡು ತಿಂಗಳ ಬಾಕಿ ಸುಮಾರು 16,000 ರೂಪಾಯಿ ಕೊಡಬೇಕಾಯಿತು. ಬಂದವರು 10,000 ಮುಂಗಡ ಪಡೆದರು. ಅವರು ತಮಗೆ ಗೊತ್ತಿರುವ ಮೂವರು ಆಟಗಾರರನ್ನು ಮಾಕುಟ್ಟ ಘಾಟಿಯ ಆಚೆಯ ಕೇರಳದಿಂದ ಕರೆತಂದರು, ಪಂದ್ಯಕ್ಕೆ ತಲಾ 1,500 ಮತ್ತು ಬಸ್ ಖರ್ಚು. ಎಂಟು ಪಂದ್ಯಗಳ ಹೊತ್ತಿಗೆ ಅಷ್ಟರಲ್ಲೇ ಮೂವತ್ತಾರು ಸಾವಿರ ದಾಟಿತ್ತು. ಒಟ್ಟು 62,000ಕ್ಕಿಂತ ಕಡಿಮೆಯಂತೂ ಆಗಿರಲಿಲ್ಲ, ಆಗ ನಮ್ಮ ವರ್ಷದ ಇಡೀ ಖರ್ಚು ಎರಡೂವರೆ ಲಕ್ಷದ ಒಳಗಿತ್ತು. ಹೊಸಬರು ಬಂದ ಮೊದಲ ಪಂದ್ಯವನ್ನು 4-0 ಅಂತರದಲ್ಲಿ ಗೆದ್ದೆವು, ಪಟಾಕಿಯನ್ನೂ ಹೊಡೆದೆವು. ಎದುರಾಳಿ ತಂಡಕ್ಕೆ ಅಂದು ಒಂಬತ್ತೇ ಜನ ಬಂದಿದ್ದರು ಎಂಬುದು ಆ ಸಂತೋಷದಲ್ಲಿ ನಮಗೆ ಮುಖ್ಯವಾಗಿ ಕಾಣಲಿಲ್ಲ. ಅದರ ನಂತರದ ಏಳರಲ್ಲಿ ಐದನ್ನು ಸೋತೆವು. ಆ ಮೂವರಿಗೆ ಜಾಗ ಬಿಟ್ಟುಕೊಟ್ಟ ನಮ್ಮೂರಿನ ಇಬ್ಬರು ಹುಡುಗರು ಬೇರೆ ಸಂಘಕ್ಕೆ ಹೋದರು. ಅವರಲ್ಲಿ ಒಬ್ಬನನ್ನು ಇಂದಿಗೂ ವಾಪಸು ಕರೆತರಲು ಆಗಿಲ್ಲ. ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ, ಆದರೆ ನನಗೆ ಅದೇ ದೊಡ್ಡದು.

ನಾನು ತೋಟವೊಂದರಲ್ಲಿ ರೈಟರ್ ಕೆಲಸ ಮಾಡುವವನು. ಯಾರು ಬಂದರು, ಯಾರು ಬರಲಿಲ್ಲ, ಎಷ್ಟು ಕೊಯ್ದರು ಎಂದು ದಿನವೂ ಚೆಕ್‌ರೋಲ್ ಬರೆಯುವುದು ನನ್ನ ಜೀವನೋಪಾಯ. ಆ ಎರಡನೆಯ ಬದಲಾವಣೆಯ ನಂತರ ತಂಡಕ್ಕೂ ಅಂಥದೇ ಒಂದು ಪುಸ್ತಕ ಇಡಲು ಪ್ರಾರಂಭಿಸಿದೆ. ಎಡಪುಟದಲ್ಲಿ ಅಭ್ಯಾಸದ ಹಾಜರಿ, ಬಲಪುಟದಲ್ಲಿ ಪಂದ್ಯ. ಪಂದ್ಯದ ಪುಟದಲ್ಲಿ ಗೋಲುಗಳಿಗಿಂತ ಹೆಚ್ಚಾಗಿ ಅವಕಾಶಗಳನ್ನು ಗುರುತು ಹಾಕುತ್ತಿದ್ದೆ: ಪೆನಾಲ್ಟಿ ಬಾಕ್ಸಿನ ಒಳಗೆ, ಗೋಲ್‌ಕೀಪರ್ ಮತ್ತು ಹೆಚ್ಚೆಂದರೆ ಇನ್ನೊಬ್ಬ ಮಾತ್ರ ಎದುರಿಗಿದ್ದಾಗ ಕಾಲಿನಿಂದಲೋ ತಲೆಯಿಂದಲೋ ಹೊಡೆದ ಹೊಡೆತ ಒಂದು ಅವಕಾಶ. ದೂರದಿಂದ ಹೊಡೆದದ್ದು, ಜನ ಎಷ್ಟೇ ಕೂಗಿದರೂ, ಲೆಕ್ಕಕ್ಕಿಲ್ಲ. ಇದು ನನ್ನದೇ ಅಳತೆ, ಅದಕ್ಕಿಂತ ಸೂಕ್ಷ್ಮವಾದದ್ದು ನಮಗೆ ಬೇಕಾಗಿಯೂ ಇಲ್ಲ.

ಮೂರನೆಯ ಸಲದ ಕಥೆಗೆ ಬರುತ್ತೇನೆ. ನವೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ ಹನ್ನೊಂದು ಪಂದ್ಯಗಳಲ್ಲಿ ಎಂಟನ್ನು ಸೋತಿದ್ದೆವು, ಎಂಟನೆಯದು 0-5. ಮರುದಿನವೇ ಸಭೆ ಸೇರಿತು. ಅಧ್ಯಕ್ಷರು ಓದಿಕೊಂಡವರು, ಬರಿಗೈಯಲ್ಲಿ ಬರುವವರಲ್ಲ. 2012ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಚೆಲ್ಸಿ ಸಂಘವು ಮ್ಯಾನೇಜರ್ ವಿಲ್ಲಾಸ್ ಬೋಯಸ್ ಅವರನ್ನು ತೆಗೆದು ಸಹಾಯಕರಾಗಿದ್ದ ಡಿ ಮಟ್ಟೆಯೊ ಅವರಿಗೆ ತಂಡ ಒಪ್ಪಿಸಿದ್ದನ್ನೂ, ಮೇ ತಿಂಗಳಲ್ಲಿ ಅದೇ ತಂಡ ಮ್ಯೂನಿಕ್‌ನಲ್ಲಿ ಜರ್ಮನಿಯ ಬಾಯರ್ನ್ ತಂಡವನ್ನು ಅದರ ಅಂಗಳದಲ್ಲೇ ಸೋಲಿಸಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದದ್ದನ್ನೂ ಹೇಳಿದರು. "ಸೆಕ್ರೆಟರಿಯವರೇ, ಎರಡೇ ತಿಂಗಳು ಸಾಕಾಯಿತಲ್ಲ?" ಎಂದರು. ಅದೇ ಡಿ ಮಟ್ಟೆಯೊ ಅವರನ್ನು ಅದೇ ವರ್ಷದ ನವೆಂಬರಿನಲ್ಲಿ ಕೆಲಸದಿಂದ ತೆಗೆದದ್ದನ್ನು ನಾನು ನೆನಪಿಸಿದೆ. ಖಜಾಂಚಿಯವರು ಫರ್ಗ್ಯೂಸನ್ ಹೆಸರು ಎತ್ತಿದರು. 1986ರ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮ್ಯಾನೇಜರಾಗಿ ಬಂದ ಅವರಿಗೆ ಮೊದಲ ಕಪ್ ಸಿಕ್ಕಿದ್ದು 1990ರಲ್ಲಿ. ಅಲ್ಲಿಯವರೆಗೆ ತಾಳಿಕೊಂಡದ್ದಕ್ಕೆ 2013ರಲ್ಲಿ ಅವರು ನಿವೃತ್ತರಾಗುವಷ್ಟರಲ್ಲಿ ಸಂಘಕ್ಕೆ 13 ಲೀಗ್ ಪ್ರಶಸ್ತಿಗಳು ಬಂದಿದ್ದವು. ಮತ್ತೊಬ್ಬರು, ಲೀಗ್ ಗೆಲ್ಲಿಸಿಕೊಟ್ಟ ರನಿಯೇರಿ ಅವರನ್ನೇ ಲೆಸ್ಟರ್ ಸಿಟಿ 2017ರ ಫೆಬ್ರವರಿಯಲ್ಲಿ ಬಿಟ್ಟು ಕೆಳಗಿನ ದರ್ಜೆಗೆ ಬೀಳದೆ ಉಳಿದುಕೊಂಡಿತಲ್ಲ ಎಂದರು. ಹೀಗೆ ಒಂದು ಗಂಟೆ ಕಳೆಯಿತು.

ಈ ಉದಾಹರಣೆಗಳೆಲ್ಲ ನಿಜ, ಆದರೆ ಯಾವುದೂ ನಮ್ಮದಲ್ಲ ಎಂದು ನಾನು ವಾದಿಸಿದೆ. ಸ್ವಲ್ಪವಾದರೂ ನಮಗೆ ಹತ್ತಿರದ್ದು ಬೆಂಗಳೂರು ಎಫ್‌ಸಿ. 2023ರ ಡಿಸೆಂಬರಿನಲ್ಲಿ ಅವರು ಕೋಚ್ ಸೈಮನ್ ಗ್ರೇಸನ್ ಅವರನ್ನು ತೆಗೆದು ಜೆರಾರ್ಡ್ ಸರಗೋಸಾ ಅವರನ್ನು ತಂದರು. ಆ ಋತುವಿನಲ್ಲಿ ತಂಡ ಕೊನೆಯ ಹಂತದ ಪ್ಲೇಆಫ್ ತಲುಪಲೇ ಇಲ್ಲ. ಮುಂದಿನ ಋತುವಿಗೆ ಮೊದಲ ದಿನದಿಂದಲೇ ಸಿದ್ಧತೆ ಮಾಡಿಸಿದ ಮೇಲೆ ಅದೇ ಸರಗೋಸಾ ಅವರ ತಂಡ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ತಲುಪಿತು. ಅಂದರೆ ಬದಲಿಸುವುದಿದ್ದರೂ ನಡುವಿನಲ್ಲಲ್ಲ ಎಂಬುದು ನನ್ನ ಮಾತಾಗಿತ್ತು. ನೆದರ್ಲ್ಯಾಂಡ್ಸ್ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಅಭ್ಯಾಸ ಮಾಡಿದ ಬಾಸ್ ಟರ್ ವೀಲ್ ಎಂಬ ಅರ್ಥಶಾಸ್ತ್ರಜ್ಞರು, ಮ್ಯಾನೇಜರನ್ನು ತೆಗೆದ ತಂಡಗಳೂ ಅಂಥದೇ ಕುಸಿತದಲ್ಲಿ ತೆಗೆಯದೆ ಉಳಿದ ತಂಡಗಳೂ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಚೇತರಿಸಿಕೊಂಡವು ಎಂದು ತೋರಿಸಿದ್ದಾರೆ. ಅದನ್ನೂ ಹೇಳಿದೆ, ಸಭೆಯಲ್ಲಿ ಅದಕ್ಕೆ ಯಾರೂ ಕಿವಿಗೊಡಲಿಲ್ಲ. ಕಿವಿಗೊಟ್ಟದ್ದು ನನ್ನ ಪುಸ್ತಕಕ್ಕೆ.

ಕೊನೆಯ ಆರು ಪಂದ್ಯಗಳಲ್ಲಿ ನಮಗೆ ಸಿಕ್ಕ ಅವಕಾಶಗಳು ನೆನಪಿನಂತೆ 31, ಎದುರಾಳಿಗಳಿಗೆ ಸಿಕ್ಕವು 34. ಗೋಲುಗಳು ಮಾತ್ರ ನಮ್ಮವು ನಾಲ್ಕು, ಅವರವು ಹದಿಮೂರು. ಆಟವನ್ನೇ ಕಟ್ಟಲಾಗದ ತಂಡದ ಲೆಕ್ಕ ಹೀಗಿರುವುದಿಲ್ಲ. ಆ ಹದಿಮೂರರಲ್ಲಿ ಐದು, ಮೈದಾನದ ಮೂಲೆಯಿಂದ ಹೊಡೆಯುವ ಕಾರ್ನರ್ ಕಿಕ್‌ಗಳಿಂದ ಬಂದಿದ್ದವು. ಹಾಜರಿಯ ಪುಟ ಇನ್ನೂ ಸ್ಪಷ್ಟವಾಗಿತ್ತು: ಗೋಲಿನ ಮುಂದೆ ರಕ್ಷಣೆಗೆ ನಿಲ್ಲುವ ಹಿಂದಿನ ಸಾಲಿನ ನಾಲ್ವರು ಒಟ್ಟಿಗೆ ಆಡಿದ್ದು ಆರರಲ್ಲಿ ಒಂದೇ ಪಂದ್ಯ, ಮತ್ತು ಅದನ್ನು ನಾವು ಸೋತಿರಲಿಲ್ಲ. ಡಿಸೆಂಬರಿನಿಂದ ಕಾಫಿ ಕೊಯ್ಲು. ಒಬ್ಬ ಪಿಕಪ್ ಓಡಿಸುತ್ತಾನೆ, ಇಬ್ಬರು ಮನೆಯವರೊಂದಿಗೆ ಕೊಯ್ಲಿಗೆ ಹೋಗುತ್ತಾರೆ. ಫೆಬ್ರವರಿಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ರೋಬಸ್ಟಾ ಕಾಫಿಗೆ ನೀರು ಕೊಡಲು ಆರಂಭಿಸಿದ ಮೇಲೆ, ನಮ್ಮ ಗೋಲ್‌ಕೀಪರ್ ರಾತ್ರಿಯಿಡೀ ಸ್ಪ್ರಿಂಕ್ಲರ್ ಪೈಪು ಬದಲಾಯಿಸಿ ಬೆಳಿಗ್ಗೆ ನೇರವಾಗಿ ಮೈದಾನಕ್ಕೆ ಬರುತ್ತಿದ್ದ. 0-5 ಅಂತರದಲ್ಲಿ ಸೋತ ದಿನವೂ ಹಾಗೆಯೇ ಬಂದಿದ್ದ. ಅವನ ದುಡಿಮೆಯಿಂದ ಮನೆ ನಡೆಯುತ್ತದೆ, ಅವನನ್ನು ಬೈಯುವ ಹಕ್ಕು ನಮಗಿಲ್ಲ. ಆದರೆ ಆ ಐದು ಗೋಲುಗಳ ಹೊಣೆಯನ್ನು ಮ್ಯಾನೇಜರ ತಲೆಗೆ ಕಟ್ಟುವುದೂ ಸರಿಯಲ್ಲ.

ಬಿಡುವಿದ್ದ ಹುಡುಗರ ಹಾಜರಿಯನ್ನು ಪ್ರತ್ಯೇಕವಾಗಿ ನೋಡಿದೆ. ಸೋಲುಗಳ ನಡುವೆಯೂ ಹತ್ತರಲ್ಲಿ ಎಂಟು ಜನ ಅಭ್ಯಾಸಕ್ಕೆ ಬರುತ್ತಿದ್ದರು. ನನ್ನ ತೀರ್ಮಾನಕ್ಕೆ ಮುಖ್ಯ ಕಾರಣ ಇದೇ. ನಾವು ಮೊದಲ ಸಲ ಬದಲಿಸಿದ ಮ್ಯಾನೇಜರ ಕಾಲದಲ್ಲಿ ಮನೆಯಲ್ಲಿ ಸುಮ್ಮನಿದ್ದ ಹುಡುಗರೂ ಬರುತ್ತಿರಲಿಲ್ಲ, ಇಪ್ಪತ್ತು ಜನರಿದ್ದ ಅಭ್ಯಾಸ ಎಂಟಕ್ಕೆ ಇಳಿದಿತ್ತು, ದ್ವಿತೀಯಾರ್ಧದಲ್ಲಿ ಕಾಲೇ ಏಳುತ್ತಿರಲಿಲ್ಲ. ಆ ಬದಲಾವಣೆ ಸರಿಯಾಗಿತ್ತು, ಇನ್ನೂ ಮೊದಲೇ ಮಾಡಬೇಕಿತ್ತು ಎಂದೇ ಇಂದಿಗೂ ಹೇಳುತ್ತೇನೆ. ಎರಡನೆಯದು ತಪ್ಪು. ಎರಡರಲ್ಲೂ ಸೋಲು ಒಂದೇ ಆಗಿತ್ತು, ಹಾಜರಿ ಒಂದೇ ಆಗಿರಲಿಲ್ಲ.

ಸಮಿತಿ ನನಗೆ ಆರು ವಾರ ಕೊಟ್ಟಿತು. ಅಷ್ಟರಲ್ಲಿ ಸರಿಹೋಗದಿದ್ದರೆ ಮ್ಯಾನೇಜರ ಜೊತೆಗೆ ಕಾರ್ಯದರ್ಶಿ ಸ್ಥಾನವನ್ನು ನಾನೂ ಬಿಡಬೇಕು ಎಂದು ಅಧ್ಯಕ್ಷರು ಹೇಳಿದರು, ಒಪ್ಪಿಕೊಂಡೆ. ಮೊದಲು ಮಾಡಿದ್ದು ಮ್ಯಾನೇಜರ ಕೈಯಿಂದ ಜೀಪು, ಊಟ, ಜೆರ್ಸಿ, ದಾನಿಗಳ ಮನೆಗೆ ಹೋಗಿ ಹಣ ಎತ್ತುವುದು, ಇವೆಲ್ಲವನ್ನೂ ತೆಗೆದುಕೊಂಡದ್ದು. ವಾರದಲ್ಲಿ ಅವರ ಮೂರು ಸಂಜೆ ಅದಕ್ಕೇ ಹೋಗುತ್ತಿತ್ತು. ಅತಿಥಿ ಆಟಗಾರರನ್ನು ಪೂರ್ತಿ ನಿಲ್ಲಿಸಿದೆವು. ಗೋಲ್‌ಕೀಪರ್‌ಗೆ ಹೇಳಿಕೊಡಲು ಹಿಂದೆ ಆಡುತ್ತಿದ್ದ ಒಬ್ಬ ಹಿರಿಯರನ್ನು ಆರು ವಾರಕ್ಕೆ 6,000 ಕೊಟ್ಟು ಕರೆಸಿದೆವು, ಮತ್ತು ಪಂದ್ಯದ ಹಿಂದಿನ ರಾತ್ರಿ ಪೈಪಿನ ಕೆಲಸಕ್ಕೆ ಅವನ ಬದಲು ಬೇರೊಬ್ಬರನ್ನು ಕಳುಹಿಸುವಂತೆ ಅವನ ತೋಟದ ಮಾಲೀಕರನ್ನು ನಾನೇ ಹೋಗಿ ಕೇಳಿಕೊಂಡೆ. ಅವರು ಆಡಿದವರು, ತಕ್ಷಣ ಒಪ್ಪಿದರು. ಕಾರ್ನರ್ ಕಿಕ್ ಬಂದಾಗ ನಮ್ಮವರು ಹೇಗೆ ನಿಲ್ಲುತ್ತಾರೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷವೂ ಇದನ್ನು ಓದುವವರ ಎದುರಿಗೇ ಆಡಬೇಕಾಗಿದೆ. ಮಾರ್ಚ್‌ನಿಂದ ಮೇವರೆಗಿನ ಇಪ್ಪತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಕಾರ್ನರ್‌ನಿಂದ ನಾವು ಬಿಟ್ಟುಕೊಟ್ಟ ಗೋಲು ಒಂದೇ ಒಂದು ಎಂಬುದನ್ನು ಹೇಳಬಲ್ಲೆ.

ಇನ್ನೊಂದು ಪ್ರಯೋಗವನ್ನು ಇದರೊಂದಿಗೆ ಸೇರಿಸಿ ಹೇಳಬೇಕು, ಏಕೆಂದರೆ ಮಳೆಗಾಲದಲ್ಲಿ ಕೈಕಟ್ಟಿ ಕೂರುವುದೂ ನಮ್ಮಂಥ ತಂಡಗಳ ಸೋಲಿಗೆ ಒಂದು ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನ ಗದ್ದೆಯಂತಿರುತ್ತದೆ. ಅದಕ್ಕಾಗಿ, ಆ ಸೋಲುಗಳಿಗೂ ಮೊದಲಿನ ಮಳೆಗಾಲದಲ್ಲೇ ನಮ್ಮ ಮ್ಯಾನೇಜರ ಸಲಹೆಯಂತೆ, ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಐದೈದು ಜನರ ಅಭ್ಯಾಸ ಶುರು ಮಾಡಿದ್ದೆವು. ಮಳೆಗಾಲದಲ್ಲಿ ಕಣ ಖಾಲಿ ಇರುತ್ತದೆ, ನೀರೂ ನಿಲ್ಲುವುದಿಲ್ಲ. ಆದರೆ ಪಾಚಿ ಕಟ್ಟಿದ್ದನ್ನು ಗಮನಿಸದೆ ಮೊದಲ ವಾರವೇ ಒಬ್ಬನ ಮಣಿಕಟ್ಟು ಮುರಿಯಿತು, ಆಸ್ಪತ್ರೆಗೆ ಏಳು ಸಾವಿರದಷ್ಟು ಖರ್ಚಾಯಿತು. ಆಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಪೊರಕೆಯಿಂದ ಉಜ್ಜಿದ ಮೇಲೆಯೇ ಆಡಿಸಿದೆವು. ಸಣ್ಣ ಜಾಗದಲ್ಲಿ ಚೆಂಡನ್ನು ಬೇಗ ಬಿಟ್ಟುಕೊಡುವ ಅಭ್ಯಾಸ ಹುಡುಗರಿಗೆ ಅಲ್ಲಿ ಬಂತು. ಆದರೆ ಸಿಮೆಂಟಿನ ಮೇಲೆ ಬೂಟು ಮೂರು ತಿಂಗಳೂ ಬಾಳುವುದಿಲ್ಲ, ಮಂಡಿ ನೋವು ಇಬ್ಬರಿಗೆ ಉಳಿದಿದೆ. ಈ ಮಳೆಗಾಲದಲ್ಲಿ ವಾರಕ್ಕೆ ಎರಡೇ ದಿನ. ಬಿದಿರಿನ ಕೋಲಿಗೆ ಮೊಬೈಲ್ ಕಟ್ಟಿ ಪಂದ್ಯವನ್ನು ಚಿತ್ರಿಸುವ ಪ್ರಯತ್ನವನ್ನೂ ಮಾಡಿ ಬಿಟ್ಟೆವು. ಮಂಜು ಕವಿದರೆ ಯಾರು ಯಾರೆಂದೇ ತಿಳಿಯುವುದಿಲ್ಲ, ಪುಸ್ತಕವೇ ಸಾಕು.

ಮಾರ್ಚ್ ಮೂರನೆಯ ವಾರಕ್ಕೆ ಕೊಯ್ಲು ಮುಗಿದು ಹಿಂದಿನ ಸಾಲಿನ ನಾಲ್ವರೂ ಮರಳಿದರು. ಆರು ವಾರಗಳಲ್ಲಿ ಏಳು ಪಂದ್ಯ ಆಡಿ ನಾಲ್ಕನ್ನು ಗೆದ್ದೆವು, ಎರಡು ಸಮ, ಒಂದು ಸೋಲು. ಆ ನಾಲ್ವರು ಮರಳಿದ್ದರಿಂದಲೇ ಅರ್ಧ ಸುಧಾರಣೆ ತಾನಾಗಿ ಬಂತು ಎಂದು ಯಾರಾದರೂ ಹೇಳಿದರೆ ನಾನು ಅಲ್ಲವೆನ್ನುವುದಿಲ್ಲ. ಫೆಬ್ರವರಿಯಲ್ಲಿ ಹೊಸಬರನ್ನು ತಂದಿದ್ದರೆ ಆ ಅರ್ಧದ ಕೀರ್ತಿ ಅವರಿಗೆ ಹೋಗುತ್ತಿತ್ತು, ನಮ್ಮ ಅರವತ್ತು ಸಾವಿರವೂ ಹೋಗುತ್ತಿತ್ತು, ಹುಡುಗರ ಮನೆ ಮನೆ ಬಲ್ಲ ಒಬ್ಬ ಮನುಷ್ಯನೂ ಹೋಗುತ್ತಿದ್ದರು. ನಾವು ಖರ್ಚು ಮಾಡಿದ್ದು ಹಿರಿಯರ ಸಂಭಾವನೆ, ಐದು ಹೊಸ ಚೆಂಡು, ಸುಣ್ಣ, ಪುಡಿ ಎಲ್ಲ ಸೇರಿ ಹದಿಮೂರು ಸಾವಿರದ ಆಸುಪಾಸು. ಸುಂಟಿಕೊಪ್ಪದ ಗೋಲ್ಡ್ ಕಪ್ ಫುಟ್‌ಬಾಲ್ ಪಂದ್ಯಾವಳಿಗೆ ಸೇರುವಂಥ ಜನಸಾಗರದ ಮುಂದೆ ನಾವು ಗೆದ್ದದ್ದಲ್ಲ, ಸಣ್ಣ ಪಂದ್ಯಾವಳಿಯೇ. ಆದರೂ ಹಾಕಿಯ ನಾಡಿನಲ್ಲಿ, ಹೊರಗಿನ ಒಬ್ಬ ಆಟಗಾರನೂ ಇಲ್ಲದೆ, ತೋಟದ ಕಾರ್ಮಿಕರ ಲೈನ್‌ಮನೆಗಳ ಮತ್ತು ನಮ್ಮೂರಿನ ಹುಡುಗರೇ ಕಪ್ ಎತ್ತಿದ್ದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ.

ಈಗ ಸಮಿತಿಯ ಪುಸ್ತಕದಲ್ಲಿ ಬರೆದು ಸಹಿ ಹಾಕಿರುವ ಒಪ್ಪಂದ ಹೀಗಿದೆ. ಸೋತ ಪಂದ್ಯದ ನಂತರದ ಹದಿನೈದು ದಿನ ಮ್ಯಾನೇಜರ ಬಗ್ಗೆ ಯಾವ ಸಭೆಯನ್ನೂ ಕರೆಯುವಂತಿಲ್ಲ. ಬಿಡುವಿರುವ ಆಟಗಾರರ ಹಾಜರಿ ಸತತ ನಾಲ್ಕು ವಾರ ಅರ್ಧಕ್ಕಿಂತ ಕೆಳಗಿಳಿದರೆ ಮಾತ್ರ ನಡುವಿನಲ್ಲೇ ಬದಲಿಸಬಹುದು. ಉಳಿದ ಎಲ್ಲ ದೂರುಗಳೂ ಜೂನ್ ಮೊದಲ ವಾರದ ಸಭೆಗೆ. ಮ್ಯಾನೇಜರ ತಿಂಗಳ ಸಂಭಾವನೆಯನ್ನು 8,000ದಿಂದ 10,000ಕ್ಕೆ ಏರಿಸಿದ್ದೇವೆ, ಪೆಟ್ರೋಲ್ ಬೇರೆ. ಕೀಪರ್ ಹುಡುಗನ ತಮ್ಮನೂ ಈ ವರ್ಷದಿಂದ ಗೋಲಿಗೆ ನಿಲ್ಲಲು ಕಲಿಯುತ್ತಿದ್ದಾನೆ, ನೀರು ಕೊಡುವ ತಿಂಗಳುಗಳಲ್ಲಿ ಇಬ್ಬರಲ್ಲಿ ಒಬ್ಬರಾದರೂ ರಾತ್ರಿ ನಿದ್ದೆ ಮಾಡಿ ಬರಲಿ ಎಂಬುದು ಮ್ಯಾನೇಜರ ಏರ್ಪಾಡು.