ಹಳೆಯ ಮನೆ ಕೊಳ್ಳುವ ಮುನ್ನ ನಾನು ವೈರಿಂಗ್ ನೋಡಿಸಿದ್ದು ಹೀಗೆ

ಮೈಸೂರಿನಲ್ಲಿ ನಮಗೆ ಒಪ್ಪಿಗೆಯಾದ ಮನೆ ಎಂಬತ್ತರ ದಶಕದ್ದು. ಪತ್ರಗಳನ್ನು ವಕೀಲರು ನೋಡಿದರು, ತಾರಸಿ ಮತ್ತು ಗೋಡೆಯನ್ನು ಪರಿಚಯದ ಎಂಜಿನಿಯರ್ ನೋಡಿದರು. ಕರೆಂಟಿನ ವಿಷಯಕ್ಕೆ ಮಾತ್ರ ದಿಕ್ಕಿಲ್ಲ. "ಸ್ವಿಚ್ ಹಾಕಿದ್ರೆ ಲೈಟು ಹತ್ತುತ್ತಲ್ಲ ಸಾರ್, ಇನ್ನೇನು ನೋಡ್ತೀರಿ?" ಅಂತ ಬ್ರೋಕರ್ ನಕ್ಕ. ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲೇ ಬೋರ್ಡ್ ಬಿಚ್ಚಿಸಬೇಕು ಅಂತ ನಾನು ಪಟ್ಟು ಹಿಡಿದೆ. ಅಡ್ವಾನ್ಸ್ ಕೈಬಿಟ್ಟ ಮೇಲೆ ಹೊರಬೀಳುವ ಹುಳುಕಿಗೆಲ್ಲ ದುಡ್ಡು ಸುರಿಯಬೇಕಾದವರು ನಾವೇ.

ಲೈಸೆನ್ಸ್ ಇದ್ದ ಒಬ್ಬ ಎಲೆಕ್ಟ್ರಿಷಿಯನ್‌ರನ್ನು ಕೂಲಿ ಕೊಟ್ಟು ಕರೆದುಕೊಂಡು ಹೋದೆ. ಮನೆಯ ಯಜಮಾನರು ವಯಸ್ಸಾದವರು, ಸಜ್ಜನರು. "ಇಷ್ಟು ವರ್ಷದಲ್ಲಿ ಒಂದು ಸಲವೂ ಫ್ಯೂಸ್ ಹೋಗಿಲ್ಲಪ್ಪ" ಅಂದರು. ನನಗೆ ಅನುಮಾನ ಹುಟ್ಟಿದ್ದೇ ಆ ಮಾತಿನಿಂದ. ಮೇನ್ ಆಫ್ ಮಾಡಿಸಿ ಪಿಂಗಾಣಿ ಫ್ಯೂಸ್ ಎಳೆದು ನೋಡಿದರೆ, ಫ್ಯೂಸ್ ತಂತಿಯ ಜಾಗದಲ್ಲಿ ತಾಮ್ರದ ಎಳೆಗಳನ್ನು ಹುರಿ ಮಾಡಿ ಬಿಗಿದಿದ್ದರು. ಅದು ಹೋಗುವುದಾದರೂ ಹೇಗೆ? ಸುಡಬೇಕಾದ ಫ್ಯೂಸ್ ಸುಡದಿದ್ದರೆ ಗೋಡೆಯೊಳಗಿನ ವೈರ್ ಸುಡುತ್ತದೆ.

ಒಳಗಿನ ಬೋರ್ಡಿಗೆ ಈಚೆಗೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದ್ದರು. ಹೊಸದಾಗಿ ಹೊಳೆಯುತ್ತಿತ್ತು. ಆದರೆ ಅಡುಗೆಮನೆಗೆ ಹೋಗುವ 1.5 ಚದರ ಮಿ.ಮೀ. ವೈರಿಗೆ 32 ಆಂಪಿಯರ್ ಎಂಸಿಬಿ! ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರೋ ದೊಡ್ಡದು ಕೂರಿಸಿ ಹೋಗಿರಬೇಕು. ಎಂಸಿಬಿ ಇರುವುದು ಮೊದಲು ವೈರನ್ನು ಕಾಯಲು, ಮಿಕ್ಸಿಯನ್ನಲ್ಲ. 1.5ರ ವೈರ್ ಲೈಟು, ಫ್ಯಾನಿಗೆ ಸಾಕು. 16 ಆಂಪಿಯರ್ ಸಾಕೆಟ್ಟಿಗೆ 2.5, ಏಸಿ ಮತ್ತು ದೊಡ್ಡ ಗೀಸರ್‌ಗೆ 4 ಎಳೆಯುವುದು ರೂಢಿ.

ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡಿನ ಬಗ್ಗೆ. ಮನೆ ತುಂಬ ತ್ರೀ ಪಿನ್ ಸಾಕೆಟ್ಟುಗಳಿದ್ದವು. ಮೇಲಿನ ದೊಡ್ಡ ತೂತಿನ ಹಿಂದೆ ಹಸಿರು ವೈರ್ ಇದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಮಲ್ಟಿಮೀಟರಿನಲ್ಲಿ ಫೇಸ್ (ಕರೆಂಟ್ ತರುವ ವೈರ್) ಮತ್ತು ಅರ್ತ್ ನಡುವೆ 230 ವೋಲ್ಟಿನ ಆಸುಪಾಸು ತೋರಿಸಿತು, ಸರಿ. ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಮತ್ತು ಅರ್ತ್ ನಡುವೆ ಸೊನ್ನೆ. ಇದೂ ಸರಿ ಅನಿಸುತ್ತದೆ, ಆದರೆ ಮೋಸ ಅಡಗಿರುವುದು ಇಲ್ಲೇ. ಅದೇ ಲೈನಿಗೆ ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಹಾಕಿ ಮತ್ತೆ ಅಳೆಸಿದೆ. ಲೋಡ್ ಬಿದ್ದಾಗ ನ್ಯೂಟ್ರಲ್ ವೈರಿನಲ್ಲಿ ಅಷ್ಟಿಷ್ಟು ವೋಲ್ಟೇಜ್ ಕಾಣಲೇಬೇಕು. ಹಾಲ್‌ನ ಸಾಕೆಟ್ಟಿನಲ್ಲಿ ಕಂಡಿತು; ಫ್ರಿಜ್ ಇಟ್ಟಿದ್ದ ಕಡೆ ಆಗಲೂ ಸೊನ್ನೆಯೇ. ಬಿಚ್ಚಿದರೆ, ನ್ಯೂಟ್ರಲ್ಲಿನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರ್ ಲಿಂಕ್. ಮುಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಮೈಗೇ ಕರೆಂಟ್ ಬರುತ್ತದೆ. ಇಂಥ ಲಿಂಕ್ ಹಾಕುವವರನ್ನು ಏನನ್ನಬೇಕೋ!

ಅರ್ತ್ ಗುಂಡಿ ಪೋರ್ಟಿಕೋದ ಟೈಲ್ಸ್ ಕೆಳಗೆ ಹೂತುಹೋಗಿತ್ತು. ಮೇನ್ ಬೋರ್ಡಿನಿಂದ ಅಲ್ಲಿಗೆ ಹೋಗುವ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯನ್ನು ಬಿಡಿಸಿ ಅರ್ತ್ ಟೆಸ್ಟರಿನಲ್ಲಿ ನೋಡಿದರೆ 25 ಓಮ್. ಬಾಯಿಲೆಕ್ಕವೇ ಸಾಕು: 230 ಭಾಗಿಸು 25, ಒಂಬತ್ತು ಆಂಪಿಯರ್ ಚಿಲ್ಲರೆ. ಗೀಸರಿನ ಮೈಗೆ ಫೇಸ್ ತಗುಲಿದರೂ 16 ಆಂಪಿಯರ್ ಎಂಸಿಬಿ ಕದಲುವುದಿಲ್ಲ. ಅದರ ಪಾಲಿಗೆ ಅದು ಮಾಮೂಲಿ ಲೋಡ್. ಅದಕ್ಕೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸ್ವಲ್ಪ ಸೋರಿದರೂ ಲೈನ್ ಕಡಿಯುವ ಸ್ವಿಚ್) ಬೇಕು. ಒಂದು ಸಣ್ಣ ವಿಷಯ: ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಯಿತು ಎಂದ ಮಾತ್ರಕ್ಕೆ ಮನೆಗೆ ಅರ್ತ್ ಇದೆ ಎಂದಲ್ಲ. ಅರ್ತ್ ಇಲ್ಲದ ಮನೆಯಲ್ಲೂ ಆ ಬಟನ್ ಕೆಲಸ ಮಾಡುತ್ತದೆ.

ವೈರಿನ ಇನ್ಸುಲೇಷನ್ ಗಟ್ಟಿಯಿದೆಯೇ ಎಂದು ನೋಡುವ ಮೆಗ್ಗರ್ ಟೆಸ್ಟ್ ಹೆಚ್ಚು ಹೊತ್ತು ಹಿಡಿಯಲಿಲ್ಲ. ಉಪಕರಣಗಳನ್ನೆಲ್ಲ ಕಿತ್ತು 500 ವೋಲ್ಟಿನಲ್ಲಿ ನೋಡಿದಾಗ ಬಚ್ಚಲಮನೆಯ ಲೈನ್ ಒಂದು ಮೆಗಾಓಮ್‌ಗೂ ಕೆಳಗಿತ್ತು. ಗೋಡೆಯ ತೇವ. ಉಳಿದವು ಪಾಸು.

ಇನ್ನು ಕಾಗದ. ಬಿಲ್ಲಿನಲ್ಲಿ ಆರ್‌ಆರ್ ನಂಬರ್ (ಸಂಪರ್ಕದ ಗುರುತಿನ ಸಂಖ್ಯೆ), ಯಾರ ಹೆಸರು, ಮಂಜೂರಾದ ಲೋಡ್ ಎಷ್ಟು ಎಂದು ನೋಡಿದೆ. ಹೆಸರು ಯಜಮಾನರ ತೀರಿಹೋದ ತಂದೆಯದು, ಲೋಡ್ 1 ಕಿಲೋವಾಟ್. ನಮ್ಮ ಗೀಸರ್ ಒಂದೇ 2 ಕಿಲೋವಾಟ್. ಬಾಕಿ ಇಲ್ಲವೆಂಬುದನ್ನು ಬರವಣಿಗೆಯಲ್ಲಿ ತರಿಸಿಕೊಡಿ ಅಂದೆ, ಯಜಮಾನರಿಗೆ ಸ್ವಲ್ಪ ಬೇಸರವಾಯಿತು. ಆದರೆ ಹಳೆಯ ಮಾಲೀಕನ ಕರೆಂಟ್ ಬಾಕಿಯನ್ನು ಅದೇ ಜಾಗಕ್ಕೆ ಸಂಪರ್ಕ ಕೇಳುವ ಹೊಸಬನಿಂದ ವಸೂಲಿ ಮಾಡುವ ನಿಯಮ ಸಿಂಧು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿದೆ. ಬೇಸರ ನೋಡುತ್ತ ಕೂರುವಂತಿರಲಿಲ್ಲ.

ಪೂರ್ತಿ ರೀವೈರಿಂಗ್, ಹೊಸ ಅರ್ತ್ ಗುಂಡಿ, ಆರ್‌ಸಿಸಿಬಿ ಎಲ್ಲ ಸೇರಿಸಿ ಎಲೆಕ್ಟ್ರಿಷಿಯನ್ ಕೈಲಿ ಎಸ್ಟಿಮೇಟ್ ಬರೆಸಿದೆ. "ಮನೆ ಹಳೇದು, ಸ್ವಲ್ಪ ಬಿಡಿ" ಅಂದಾಗ ಜಗ್ಗದ ಯಜಮಾನರು, ಫ್ರಿಜ್ ಸಾಕೆಟ್ಟಿನ ಲಿಂಕನ್ನು ಕಣ್ಣಾರೆ ಕಂಡಿದ್ದರಿಂದ, ಎಸ್ಟಿಮೇಟಿನ ಅರ್ಧಕ್ಕಿಂತ ಹೆಚ್ಚು ಬೆಲೆಯಲ್ಲಿ ಇಳಿಸಿದರು. ಉಳಿದ ಖರ್ಚು ನಮ್ಮದು.

ರಿಜಿಸ್ಟ್ರೇಷನ್ ಆದ ಮೇಲೆ, ಬಣ್ಣ ಹೊಡೆಸುವ ಮೊದಲು, ಗೋಡೆ ಕೊರೆಸಿ ಕೆಲಸ ಮುಗಿಸಿದೆವು. ಎರಡೂವರೆ ಮೀಟರಿನ ಜಿಐ ಪೈಪ್, ಸುತ್ತ ಇದ್ದಿಲು ಮತ್ತು ಉಪ್ಪು. ಗುಂಡಿಯನ್ನು ಈ ಸಲ ಟೈಲ್ಸ್ ಹಾಸದ ತುಳಸಿಕಟ್ಟೆಯ ಪಕ್ಕ ತೆಗೆಸಿದೆ. ರೀಡಿಂಗ್ ಐದು ಓಮ್ ಒಳಗೆ ಬಂತು. ಆರ್‌ಆರ್ ನಂಬರಿನ ಹೆಸರು ಬದಲಾವಣೆಗೆ ಮತ್ತು ಲೋಡ್ ಹೆಚ್ಚಿಸುವುದಕ್ಕೆ ಒಟ್ಟಿಗೇ ಅರ್ಜಿ ಹಾಕಿದೆ. ಹೆಚ್ಚುವರಿ ಡಿಪಾಸಿಟ್ ಕಟ್ಟಬೇಕಾಯಿತು. ಅದನ್ನೂ ಎಸ್ಟಿಮೇಟಿನಲ್ಲಿ ಮೊದಲೇ ಬರೆಸಿದ್ದೆ.